ಗೋಪುರದ ನಾಲ್ಕನೆಯ ಮುಖ

ನಲವತ್ತೆರಡು ವರ್ಷದ ಹಿಂದೆ, ತನ್ನ ಮದುವೆಯ ದಿನ, ಚರ್ಚಿನ ಮೆಟ್ಟಿಲ ಮೇಲೆ ನಿಂತು ಮುಂಗೊ ಗಿಲ್‌ಕ್ರಿಸ್ಟ್ ತನ್ನ ಅತ್ತೆಗೆ ನೂರು ಜನರ ಮುಂದೆ ಒಂದು ಮಾತು ಕೊಟ್ಟ.

"ಅತ್ತೆ, ನಿಮ್ಮ ಕಿಟಕಿಗೆ ಕಾಣೋ ಹಾಗೆ ಗೋಪುರಕ್ಕೆ ಗಡಿಯಾರದ ಮುಖ ಹಾಕ್ತೀನಿ. ಹಾಕದೇ ಇದ್ರೆ ನನ್ನ ಹೆಸರು ಮುಂಗೊ ಅಲ್ಲ!"

ಆ ಹೊತ್ತಿಗೆ ಅವನು ಒಂದೇ ಒಂದು ಗ್ಲಾಸು ಕುಡಿದಿದ್ದ ಎಂಬುದಕ್ಕೆ ಸಾಕ್ಷಿಗಳಿದ್ದಾರೆ. ಅತ್ತೆ ಗ್ರಿಜೆಲ್ ಬೆರಳೆತ್ತಿ ಅದಕ್ಕೇನೋ ಮರುಮಾತು ಹೇಳಿದಳು. ಆದರೆ ಅಷ್ಟರಲ್ಲಿ ಮದುವೆಗೆ ಬ್ಯಾಗ್‌ಪೈಪು ಊದುವವನು ಅದರ ಚೀಲಕ್ಕೆ ಗಾಳಿ ತುಂಬಿ ಮುಂಗೊನ ಎಡಗಿವಿಯ ಪಕ್ಕದಲ್ಲೇ ಶುರುಹಚ್ಚಿಕೊಂಡಿದ್ದ. ಅತ್ತೆಯ ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಹೊಸ ಅಳಿಯ ಮಾಡಬೇಕಾದದ್ದನ್ನೇ ಮುಂಗೊ ಮಾಡಿದ. ನಕ್ಕು ತಲೆಯಾಡಿಸಿದ.

ಕ್ರೇಗ್‌ಮರ್ಡಿ ಊರಿನ ಗೋಪುರಕ್ಕೆ ಮೂರೇ ಮುಖ ಯಾಕೆ ಎನ್ನುವುದು ಅಲ್ಲಿನ ಮಕ್ಕಳು ಮಗ್ಗಿಗಿಂತ ಮೊದಲು ಕಲಿಯುವ ವಿಷಯ. ನೂರ ನಲವತ್ತು ವರ್ಷದ ಹಿಂದೆ ಅದನ್ನು ಕಟ್ಟುವಾಗ ಕಲ್ಲು ಸಾಗಿಸಲು ಹೊಳೆಯ ಆಚೆದಡದವರು ಗಾಡಿ ಕೊಡಲಿಲ್ಲ. ಕುದುರೆಗೆ ನೆಗಡಿ ಎಂದರಂತೆ. ಇಪ್ಪತ್ತಾರು ಕುದುರೆಗೂ ಒಂದೇ ಬೆಳಿಗ್ಗೆ ನೆಗಡಿ! ಈಚೆದಡದವರು ಜಗಳಕ್ಕೆ ಹೋಗಲಿಲ್ಲ. ಗೋಪುರ ಎದ್ದು ನಿಂತ ಮೇಲೆ ಉತ್ತರಕ್ಕೆ, ಪೂರ್ವಕ್ಕೆ, ಪಶ್ಚಿಮಕ್ಕೆ ಒಂದೊಂದು ಗಡಿಯಾರದ ಮುಖ ಇಟ್ಟರು. ಆಚೆದಡ ನೋಡುವ ದಕ್ಷಿಣಕ್ಕೆ ಬೋಳು ಗೋಡೆ ಬಿಟ್ಟರು. ಗಾಡಿ ಕೊಡದವರಿಗೆ ಗಂಟೆಯೂ ಇಲ್ಲ.

ಗ್ರಿಜೆಲ್ ಆಚೆದಡದವಳು. ಮಗಳು ಎಫಿಯನ್ನು ಈಚೆದಡದ ಹುಡುಗನಿಗೆ ಕೊಟ್ಟಳೇ ಹೊರತು, ಆ ಮದುವೆಯ ದಿನ ಬಿಟ್ಟರೆ ತಾನು ಈಚೆದಡಕ್ಕೆ ಕಾಲಿಡಲಿಲ್ಲ. ಮೊಮ್ಮಗಳು ಹುಟ್ಟಿದಾಗ ಸೇತುವೆಯ ಸರಿಯಾಗಿ ನಡುವಿಗೆ ಬಂದು ನಿಂತು, ಮಗುವನ್ನು ಅಲ್ಲಿಗೇ ತರಿಸಿಕೊಂಡು ನೋಡಿ, ಮೂಗು ಮುಂಗೊನದು ಎಂದು ಮರುಗಿ ಹಿಂದಿರುಗಿದಳು. ಹಾಗಾಗಿ ಪ್ರತಿ ಭಾನುವಾರ ಮುಂಗೊ ಮತ್ತು ಎಫಿಯೇ ಸೇತುವೆ ದಾಟಿ ಅವಳ ಮನೆಗೆ ಊಟಕ್ಕೆ ಹೋಗಬೇಕು. ಬಟಾಟೆಯ ತಟ್ಟೆ ಮುಂದಿಡುವ ಮೊದಲು ಗ್ರಿಜೆಲ್ ಕಿಟಕಿಯಾಚೆಯ ಬೋಳು ಗೋಡೆಯತ್ತ ಒಮ್ಮೆ ನೋಡಿ, ರಾಗವಾಗಿ ಕೇಳುವಳು:

"ಅಳಿಯಪ್ಪಾ, ಗಂಟೆ ಎಷ್ಟಾಯ್ತು?"

ಅವಳ ಬೆನ್ನ ಹಿಂದೆ ಅಗ್ಗಿಷ್ಟಿಕೆಯ ಮೇಲೆ ಅವಳದೇ ಗಡಿಯಾರ ಟಿಕ್ ಟಿಕ್ ಎನ್ನುತ್ತಿರುತ್ತಿತ್ತು. ಆಮೇಲೆ ಮುಂಗೊ ಕೂರುವ ರೀತಿ, ಅವನ ದವಡೆಯ ಸದ್ದು, ಅವನ ಪೈಪಿನ ಹೊಗೆ ಒಂದೊಂದಾಗಿ ವಿಚಾರಣೆಗೆ ಬರುತ್ತಿದ್ದವು. ನಾಲ್ಕು ಗಂಟೆಗೆ ಸೇತುವೆ ದಾಟಿ ಈಚೆಗೆ ಬಂದು, ನಡುಮನೆಯ ಕಿಟಕಿಯ ಪಕ್ಕದ ತನ್ನ ಹಳೇ ಕುರ್ಚಿಯಲ್ಲಿ ಬಿದ್ದು ಪೈಪು ಹಚ್ಚಿದಾಗಲೇ ಅವನಿಗೆ ಹೋದ ಜೀವ ಬಂದಂತಾಗುತ್ತಿತ್ತು. ಆ ಕುರ್ಚಿಯ ಹೊಟ್ಟೆಯಿಂದ ಕುದುರೆಕೂದಲು ಇಣುಕುತ್ತಿತ್ತು, ಒಂದು ಕಾಲು ಗಿಡ್ಡ. ಆದರೆ ಮೂವತ್ತು ವರ್ಷ ಕೂತು ಕೂತು ಅದು ಮುಂಗೊನ ಅಚ್ಚಿನಂತೆಯೇ ಆಗಿಹೋಗಿತ್ತು. ಸ್ವರ್ಗದಲ್ಲಿ ಇದಕ್ಕಿಂತ ಒಳ್ಳೆಯದು ಕೊಡುತ್ತಾರೆಂದು ಅವನು ನಂಬಿರಲಿಲ್ಲ.

ಮಾತು ಉಳಿಸಿಕೊಳ್ಳಲು ಮುಂಗೊ ಪ್ರಯತ್ನಿಸಿರಲಿಲ್ಲವೆಂದಲ್ಲ. ಊರ ಸಮಿತಿಗೆ ಏಳು ಸಲ ಅರ್ಜಿ ಹಾಕಿದ್ದ. ಏಳು ಸಲವೂ ಅಧ್ಯಕ್ಷೆ ಲಾರ್ನಾ ಪೆಟಿಗ್ರೂ, ಶಾಲೆಯ ಮಾಜಿ ಹೆಡ್‌ಮಿಸ್ಟ್ರೆಸ್, ಕನ್ನಡಕ ತೆಗೆದು ಹೇಳಿದ್ದಳು: "ಮುಂಗೊ ಅವರೇ, ಆ ಬೋಳು ಗೋಡೆಯೇ ಚರಿತ್ರೆ. ಚರಿತ್ರೆಗೆ ಮೊಳೆ ಹೊಡೆಯೋಕೆ ಆಗಲ್ಲ."

ಎಂಟನೆಯ ಸಲ ಮುಂಗೊ ಅರ್ಜಿ ಹಾಕಲಿಲ್ಲ. ನೆಲಕ್ಕೆ ಹಾಸುವ ಲಿನೋಲಿಯಂ ತಯಾರಿಸುವ ಊರಿನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವನು ಅವನು. ಅದು ಮುಚ್ಚಿದ ಮೇಲೆ ವಾರಕ್ಕೆರಡು ಸಲ ತೊಂಬತ್ತೊಂದು ಮೆಟ್ಟಿಲು ಹತ್ತಿ ಗೋಪುರದ ಗಡಿಯಾರಕ್ಕೆ ಕೀ ಕೊಡುವ ಕೆಲಸ ಅವನದು. ಕಟ್ಟಿದವರು ದಕ್ಷಿಣದ ಗೋಡೆಗೂ ಒಂದು ತೂತು, ಒಂದು ಸರಳು ಬಿಟ್ಟಿದ್ದಾರೆಂದು ಅವನಿಗೊಬ್ಬನಿಗೇ ಗೊತ್ತಿತ್ತು. ಯಾರೋ ಪುಣ್ಯಾತ್ಮ ಗಡಿಯಾರದವನು, ಈ ಜನ ಮುಂದೊಂದು ದಿನ ರಾಜಿಯಾದಾರು ಎಂದುಕೊಂಡಿರಬೇಕು. ಕಾರ್ಖಾನೆಯ ಕೊನೆಯ ದಿನ ಮನೆಗೆ ತಂದಿದ್ದ ಲಿನೋಲಿಯಂ ಸುರುಳಿ ಶೆಡ್ಡಿನಲ್ಲಿತ್ತು. ಕಡುಹಸಿರು, ಅಂಚಿಗೆ ಮುಳ್ಳುಹೂವಿನ ಬಳ್ಳಿ. ಅದನ್ನು ಹಲಗೆಗೆ ಅಂಟಿಸಿ, ಬಿಳಿ ಲಿನೋಲಿಯಂನಲ್ಲಿ ಅಂಕಿ ಕೊರೆದು ಕೂರಿಸಿ, ಎರಡಾಳಿನಷ್ಟು ಅಗಲದ ಗಡಿಯಾರದ ಮುಖ ಮಾಡಿದ.

"ಶೆಡ್ಡಲ್ಲಿ ಏನ್ ಮಾಡ್ತಿದ್ದೀಯ?" ಎಂದು ಎಫಿ ಕೇಳಿದಾಗಲೆಲ್ಲ, "ಪಾರಿವಾಳದ ಗೂಡು" ಎನ್ನುತ್ತಿದ್ದ.

"ನಿನಗೆ ಪಾರಿವಾಳ ಕಂಡ್ರೆ ಆಗಲ್ವಲ್ಲ."

"ಅದಕ್ಕೇ ಗೂಡು ಮಾಡ್ತಿರೋದು. ಒಳಗೆ ಹಾಕಿ ಬಾಗಿಲು ಹಾಕೋಕೆ."

ಸೆಪ್ಟೆಂಬರಿನ ಆ ಶನಿವಾರ ಊರ ಹಳೆಯ ಕಟ್ಟಡಗಳನ್ನೆಲ್ಲ ತೆರೆದಿಡುವ ದಿನ. ಎಡಿನ್‌ಬರೋದಿಂದ ಪುರಾತನ ಕಟ್ಟಡಗಳ ಇಲಾಖೆಯ ಅಧಿಕಾರಿ ಮಿಸ್ ಅರ್ಕರ್ಟ್ ಬರುವವಳಿದ್ದಳು. ಲಾರ್ನಾ ಅವಳಿಗೆ ಊರಿನ ಏಳು ಅದ್ಭುತಗಳನ್ನು ತೋರಿಸಿ, ಚರ್ಚಿನ ಹಾಲಿನಲ್ಲಿ ಒಂದು ಗಂಟೆಗೆ ಊಟ ಹಾಕಿಸಿ, ಎರಡಕ್ಕೆ ಗೋಪುರಕ್ಕೆ ಕರೆತರುವುದೆಂದು ಗೊತ್ತಾಗಿತ್ತು. ಊಟಕ್ಕೆ ಎರಡೂ ದಡದವರಿಗೆ ಕರೆ ಹೋಗಿತ್ತು. ಸೂಪಿನ ಉಸ್ತುವಾರಿ ಎಫಿಯದು.

ಬೆಳಗಿನ ಜಾವ ಸಮುದ್ರದ ಕಡೆಯಿಂದ ಮಂಜು ಬಂದು ಊರನ್ನು ಕಂಬಳಿ ಹೊದೆಸಿದಂತೆ ಮುಚ್ಚಿತ್ತು. ಮುಂಗೊಗೆ ಬೇಕಾದದ್ದೂ ಅದೇ. ಹಂಚು ಹೊದಿಸುವ ಕೆಲಸದಿಂದ ನಿವೃತ್ತನಾದ ಗೆಳೆಯ ಎಕ್ ಟಾರೆನ್ಸ್‌ನನ್ನು ಎಬ್ಬಿಸಿಕೊಂಡು ಬಂದ. ಇಬ್ಬರೂ ಗಡಿಯಾರದ ಮುಖವನ್ನು ನಾಲ್ಕು ಹೋಳಾಗಿ ಮೇಲೊಯ್ದು, ಜೋಡಿಸಿ, ಹಗ್ಗದಲ್ಲಿ ಹೊರಗಿಳಿಸಿ, ಒಳಗಿನಿಂದ ಬೋಲ್ಟು ಬಿಗಿದರು. ಕೊನೆಗೆ ಸರಳಿಗೆ ಹಲ್ಲುಚಕ್ರ ಕೂರಿಸಿದರು.

ಎಕ್ ಬಗ್ಗಿ ನೋಡಿದ. "ಲೋ ಮುಂಗೊ, ಇದು ಎಡಕ್ಕೆ ತಿರುಗ್ತಾ ಇದೆ ಕಣೋ."

ಮುಂಗೊ ನೋಡಿದ. ನಿಜವೇ. ಸರಳು ಎಡಕ್ಕೆ ತಿರುಗುತ್ತಿತ್ತು. ಬಿಚ್ಚಿ, ಮೇಲೆ ಕೂರಿಸಿದ್ದ ಹಲ್ಲುಚಕ್ರವನ್ನು ಕೆಳಗಿನಿಂದ ಕಚ್ಚುವಂತೆ ಕೂರಿಸಿದ. ಈಗ ಸರಳು ಲಕ್ಷಣವಾಗಿ ಬಲಕ್ಕೆ ತಿರುಗತೊಡಗಿತು.

"ನೀನು ನೋಡದೇ ಹೋಗಿದ್ರೆ ಮಾನ ಹೋಗ್ತಿತ್ತಲ್ಲೋ ಎಕ್!"

"ಅದಕ್ಕೇ ಮಾರಾಯ, ಎರಡು ಜೊತೆ ಕಣ್ಣಿರಬೇಕು ಅನ್ನೋದು."

ಗೋಪುರದ ಗಂಟೆ ಆರು ಹೊಡೆಯಿತು. ಮುಳ್ಳುಗಳನ್ನು ಆರಕ್ಕೆ ಇಟ್ಟು ಇಬ್ಬರೂ ಕೆಳಗಿಳಿದರು. ಮಂಜಿನಲ್ಲಿ ನಿಂತು ಕತ್ತೆತ್ತಿದರೆ ಏನೂ ಕಾಣಲಿಲ್ಲ.

ಹನ್ನೊಂದರ ಹೊತ್ತಿಗೆ ಮುಂಗೊ ಶರ್ಟು ಬದಲಿಸಿ, ತಲೆ ಬಾಚಿ, ಸೇತುವೆಯ ಮೇಲೆ ಬಂದು ನಿಂತ. ಮಂಜು ಕಳಚಿದಾಗ ಅತ್ತೆಯ ಕಿಟಕಿಯಲ್ಲಿ ಅತ್ತೆಯ ಮುಖ ನೋಡಬೇಕೆನ್ನುವುದು ಅವನ ಆಸೆ. ನಲವತ್ತೆರಡು ವರ್ಷ ಕಾದವನು ಇನ್ನು ಹತ್ತು ನಿಮಿಷ ಕಾಯಲಾರನೇ?

ಸರಿಯಾಗಿ ಹನ್ನೊಂದಕ್ಕೆ ಸೂರ್ಯ ಮಂಜಿನ ಪರದೆ ಎಳೆದ. ಮೊದಲು ಕಾರ್ಖಾನೆಯ ಚಿಮಣಿ, ಆಮೇಲೆ ಗೋಪುರ, ಗೋಪುರದ ದಕ್ಷಿಣ ಗೋಡೆಯ ಮೇಲೆ ಕಡುಹಸಿರು ಗಡಿಯಾರ! ಮುಂಗೊನ ಕಣ್ಣು ಮಂಜಾಯಿತು. ಅದಕ್ಕೇ ಮುಳ್ಳು ಎಲ್ಲಿದೆಯೆಂದು ತಕ್ಷಣ ಕಾಣಲಿಲ್ಲ.

ಆಚೆದಡದಲ್ಲಿ ಒಂದು ಬಾಗಿಲು ತೆರೆಯಿತು. ಇನ್ನೊಂದು ತೆರೆಯಿತು. ನೋಡನೋಡುತ್ತ ಬೀದಿಯುದ್ದಕ್ಕೂ ಬಾಗಿಲುಗಳು ಪಟಪಟ ತೆರೆದುಕೊಂಡು ಜನ ಹೊರಬಿದ್ದರು. ಗಂಡಸರು ಟೈ ಕಟ್ಟಿಕೊಳ್ಳುತ್ತ, ಹೆಂಗಸರು ಕೋಟಿನ ಒಂದು ತೋಳು ಮಾತ್ರ ಹಾಕಿಕೊಂಡು ಸೇತುವೆಯತ್ತ ಓಡಿಬರುತ್ತಿದ್ದರು. ಅಭಿನಂದಿಸಲು ಬರುತ್ತಿದ್ದಾರೆಂದು ತಿಳಿದ ಮುಂಗೊ ಕೈ ಮುಂದೆ ಚಾಚಿದ. ಮೊದಲು ಬಂದವನು ಅವನನ್ನು ಪಕ್ಕಕ್ಕೆ ತಳ್ಳಿದ.

"ದಾರಿ ಬಿಡಯ್ಯಾ! ಗಂಟೆ ಒಂದಾಗಿದೆ, ಊಟ ಶುರುವಾಗಿಬಿಟ್ಟಿದೆ!"

"ಒಂದಾ? ನನ್ನ ವಾಚಲ್ಲಿ ಹನ್ನೊಂದು..." ಎಂದು ಹಿಂದಿನಿಂದ ಯಾರೋ ಅನುಮಾನಿಸಿದರು.

"ಮುಚ್ಚು ಬಾಯಿ! ನೂರ ನಲವತ್ತು ವರ್ಷ ಬೇಡಿ ಬೇಡಿ ಒಂದು ಗಡಿಯಾರ ಸಿಕ್ಕಿದೆ. ಮೊದಲನೇ ದಿನವೇ ಅದನ್ನ ಅನುಮಾನಿಸ್ತೀಯಾ?"

ವಾಚಿನವನು ನಾಚಿಕೊಂಡು ಮುಳ್ಳು ಮುಂದೆ ತಿರುಗಿಸಿಕೊಂಡ.

ಮುಂಗೊ ಕಣ್ಣೊರೆಸಿಕೊಂಡು ಗೋಪುರ ನೋಡಿದ. ಗಡಿಯಾರ ಒಂದು ತೋರಿಸುತ್ತಿತ್ತು. ನೋಡುತ್ತ ನಿಂತ. ಐದು ನಿಮಿಷ ಕಳೆಯಿತು. ಗಡಿಯಾರ ಒಂದಕ್ಕೆ ಐದು ನಿಮಿಷ ಇದೆ ಎಂದಿತು.

ಹತ್ತು ನಿಮಿಷದ ಮೇಲೆ ಎಫಿ ಏಪ್ರನ್ ಕಟ್ಟಿಕೊಂಡೇ ಓಡಿಬಂದಳು. ಕೈಯಲ್ಲಿ ಸೂಪಿನ ಸೌಟು.

"ಮುಂಗೊ! ಆಚೆದಡದವರೆಲ್ಲ ಬಂದು ಕೂತುಬಿಟ್ರು. ಇನ್ನೂ ಹನ್ನೊಂದು ಅಂದ್ರೆ ಕೇಳಲ್ಲ, ನಮ್ಮ ಗಡಿಯಾರ ಒಂದು ಹೇಳ್ತಿದೆ ಅಂತಾರೆ. ಸೂಪು ಖಾಲಿ, ಪೈ ಖಾಲಿ, ಸ್ಕೋನು ಖಾಲಿ. ಆ ಎಡಿನ್‌ಬರೋ ಹೆಂಗಸಿಗೆ ಅಂತ ಎತ್ತಿಟ್ಟಿದ್ದ ತಟ್ಟೆಯನ್ನೂ ನೆಕ್ಕಿದ್ರು! ಅವರದ್ಯಾವ ಗಡಿಯಾರ ಅಂತ..."

ಅವಳು ತಲೆಯೆತ್ತಿದಳು. ಸೌಟು ಕೈಯಿಂದ ಜಾರಿತು. ಅವಳು ಹುಟ್ಟಿ ಬೆಳೆದ ಮನೆಯ ಕಿಟಕಿಯಿಂದ ಕಾಣುವ ಗೋಡೆ ಅದು.

"ಪಾರಿವಾಳದ ಗೂಡಾ ಇದು?"

"ಹೂಂ."

"ನೀನು ಹಾಕೇಬಿಟ್ಟೆಯಲ್ಲೋ," ಎಂದಳು, ಅವಳ ದನಿ ಒಂಥರಾ ಆಗಿತ್ತು. ಆಮೇಲೆ ಕಣ್ಣು ಕಿರಿದು ಮಾಡಿದಳು. "ಆದ್ರೆ ಹಿಂದಕ್ಕೆ ಓಡ್ತಿದೆ."

"ಅದು ಹೇಗಾಗತ್ತೆ? ಒಳಗೆ ನಿಂತು ಕಣ್ಣಾರೆ ನೋಡಿದ್ದೀನಿ, ಬಲಕ್ಕೆ ತಿರುಗ್ತಿತ್ತು!"

"ಒಳಗೆ ನಿಂತು ನೋಡಿದೆ. ಜನ ನೋಡೋದು ಹೊರಗೆ ನಿಂತು. ನನ್ನ ಎದುರಿಗೆ ನಿಂತಾಗ ನನ್ನ ಬಲಗೈ ನಿನಗೆ ಯಾವ ಕಡೆ ಇರತ್ತೆ?"

ಮುಂಗೊ ಮನಸ್ಸಿನಲ್ಲೇ ಅವಳ ಎದುರಿಗೆ ನಿಂತು ನೋಡಿದ. ಮುಖ ಹರಳೆಣ್ಣೆ ಕುಡಿದವನಂತಾಯಿತು.

ಅಷ್ಟರಲ್ಲಿ ಲಾರ್ನಾ ಪೆಟಿಗ್ರೂ ಎದೆಯ ಮೇಲೆ ಬ್ಯಾಡ್ಜು ಕುಣಿಸುತ್ತ ಬಂದಳು. ಗಡಿಯಾರ ನೋಡಿದಳು, ಮುಂಗೊನನ್ನು ನೋಡಿದಳು. ಶಾಲೆಯಲ್ಲಿ ಮಸಿ ಚೆಲ್ಲಿದ ಹುಡುಗರನ್ನು ನೋಡುತ್ತಿದ್ದ ನೋಟ ಅದು.

"ಮುಂಗೊ ಅವರೇ, ಅದು ರಕ್ಷಿತ ಗೋಪುರ. ಒಂದು ಮೊಳೆ ಹೊಡೆಯೋಕೂ ಅಪ್ಪಣೆ ಬೇಕು. ಮಿಸ್ ಅರ್ಕರ್ಟ್ ಎರಡು ಗಂಟೆಗೆ ಅಲ್ಲಿ ನಿಂತಿರ್ತಾರೆ. ಅಷ್ಟರೊಳಗೆ ಆ... ಆ ನೆಲಹಾಸನ್ನ ಕಿತ್ತು ಕೆಳಗಿಳಿಸಿ. ಇಲ್ಲದಿದ್ರೆ ಗೋಪುರದ ಬೀಗದ ಕೈ ನನ್ನ ಕೈಗೆ ಕೊಟ್ಟು ಮನೇಲಿ ಕೂತ್ಕೊಳ್ಳಿ."

ಮುಂಗೊ ಆಚೆದಡದತ್ತ ನೋಡಿದ. ಅತ್ತೆಗೆ ಎಂಬತ್ತೆಂಟು. ಇವತ್ತು ಇಳಿಸಿದರೆ ಮತ್ತೆ ಹತ್ತಿಸುವ ದಿನ ಬರುವುದಿಲ್ಲ. ನಾಳೆ ಭಾನುವಾರ ಬೇರೆ.

"ಕೀಳೋದಿಲ್ಲ ಮಿಸೆಸ್ ಪೆಟಿಗ್ರೂ. ಸರಿ ಮಾಡ್ತೀನಿ."

ಎಕ್‌ನನ್ನು ಎಳೆದುಕೊಂಡು ಅವನು ಮತ್ತೆ ತೊಂಬತ್ತೊಂದು ಮೆಟ್ಟಿಲು ಹತ್ತಿದ. ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಮೇಲೆ ತಲುಪುವಾಗ ಗಂಟೆ ಹನ್ನೆರಡು ಹೊಡೆಯಿತು. ಕಿಂಡಿಯಲ್ಲಿ ಬಗ್ಗಿ ನೋಡಿದರೆ ಆಚೆದಡದ ಕಿಟಕಿಯಲ್ಲಿ ಅತ್ತೆ ನಿಂತಿದ್ದಳು. ಕಣ್ಣಿಗೆ ದುರ್ಬೀನು. ಒಂದು ಗಳಿಗೆ ಹಾಗೇ ನಿಂತಿದ್ದು, ದುರ್ಬೀನು ಇಳಿಸಿ, ಕಿಟಕಿಯ ಪರದೆಗಳನ್ನು ಸರಸರ ಕಳಚತೊಡಗಿದಳು.

"ನೋಡೋ ಎಕ್, ಅತ್ತೆ ಪರದೆ ಒಗೆಯೋಕೆ ತೆಗೀತಿದ್ದಾಳೆ! ಹಬ್ಬದ ಹುರುಪು ಬಂದುಬಿಟ್ಟಿದೆ ಮುದುಕಿಗೆ." ಮುಂಗೊನ ಎದೆ ತುಂಬಿಬಂತು. "ಈ ವಯಸ್ಸಲ್ಲಿ ಅವಳಿಗೆ ಇಷ್ಟು ಸಂತೋಷ ಕೊಟ್ಟೆನಲ್ಲ."

"ಮೊದಲು ಚಕ್ರ ಬಿಚ್ಚು ಮಾರಾಯ," ಎಂದ ಎಕ್.

ಬೆಳಿಗ್ಗೆ ಅವಸರದಲ್ಲಿ ಬಿಗಿದಿದ್ದ ನಟ್ಟು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ತಟ್ಟಿದರು, ಎಕ್ ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಬೈದ. ಒಂದು ಗಂಟೆ ಕಳೆಯಿತು. ಕೊನೆಗೆ ಮುಂಗೊ ಉದ್ದನೆಯ ಸ್ಪ್ಯಾನರು ಹಾಕಿ ಕಣ್ಣು ಮುಚ್ಚಿ ಪೂರ್ತಿ ಮೈಭಾರ ಬಿಟ್ಟ. ಕಟ್ ಎಂದು ನಟ್ಟು ಸಡಿಲವಾಯಿತು. ಆದರೆ ಅದು ಆ ನಟ್ಟಲ್ಲ, ಪಕ್ಕದ್ದು. ಉಳಿದ ಮೂರು ಮುಖಕ್ಕೂ ಶಕ್ತಿ ಹಂಚುವ ಕೀಲು ಅದು. ಗೋಪುರದ ಮೂರು ಕಡೆಯಿಂದಲೂ ಒಟ್ಟಿಗೆ ದಡ್ ಎಂಬ ಸದ್ದು ಬಂತು. ಹಿಡಿತ ತಪ್ಪಿದ ಮುಳ್ಳುಗಳು ಕುಡಿದವನ ಕೈಗಳಂತೆ ಜೋತುಬಿದ್ದು, ಆರೂವರೆಗೆ ನಿಂತವು.

ನೂರ ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಈಚೆದಡಕ್ಕೆ ಗಂಟೆಯಿಲ್ಲದಾಯಿತು. ಓಡುತ್ತಿದ್ದದ್ದು ಆಚೆದಡದ ಗಡಿಯಾರ ಒಂದೇ. ಅದೂ ಹಿಂದಕ್ಕೆ.

ಕೆಳಗೆ ಚೌಕದಲ್ಲಿ ಗಲಾಟೆಯೋ ಗಲಾಟೆ. "ಆರೂವರೆ! ನನ್ನ ಅಂಗಡಿ ಮುಚ್ಚಲೋ ಬೇಡವೋ?" ಎಂದು ಮಾಂಸದಂಗಡಿಯವನು ಕೂಗಿದ. ಹೊಟ್ಟೆ ತುಂಬಾ ಉಂಡು ಚೌಕದಲ್ಲಿ ಬಿಸಿಲು ಕಾಯಿಸುತ್ತಿದ್ದ ಆಚೆದಡದವರಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿರಲಿಲ್ಲ.

"ಯಾಕಪ್ಪಾ, ನಿಮಗೆ ಗಂಟೆ ಬೇಕಾ?" ಎಂದನೊಬ್ಬ ಬೆಂಚಿನ ಮೇಲೆ ಕಾಲು ಚಾಚಿ. "ಗಾಡಿ ತಗೊಂಡು ಬನ್ನಿ, ಕೊಡ್ತೀವಿ!"

"ಕುದುರೆಗೆ ನೆಗಡಿ ಇಲ್ಲ ತಾನೆ?" ಎಂದ ಇನ್ನೊಬ್ಬ.

ಮುಂಗೊ ಮತ್ತು ಎಕ್ ಮೈಯೆಲ್ಲ ಎಣ್ಣೆ ಮಾಡಿಕೊಂಡು ಕೆಳಗಿಳಿದು ಬರುವುದಕ್ಕೂ, ಲಾರ್ನಾ ಪೆಟಿಗ್ರೂ ಮಿಸ್ ಅರ್ಕರ್ಟಳನ್ನು ಕರೆದುಕೊಂಡು ಬರುವುದಕ್ಕೂ ಸರಿಹೋಯಿತು. ಗುಬ್ಬಿಯಂಥ ಪುಟ್ಟ ಹೆಂಗಸು. ಬೆಳಿಗ್ಗೆಯಿಂದ ಚಿಮಣಿ, ಸೇತುವೆ, ಕುದುರೆಗಳ ನೀರಿನ ತೊಟ್ಟಿ, ಕಾರ್ಖಾನೆಯ ಯಜಮಾನನ ಮೂಗಿಲ್ಲದ ಪ್ರತಿಮೆ ಹೀಗೆ ಆರು ಅದ್ಭುತಗಳನ್ನು ನೋಡಿ ಒಂದಕ್ಷರವೂ ಬರೆದುಕೊಂಡಿರಲಿಲ್ಲ. ಊಟದ ಹೆಸರಿನಲ್ಲಿ ಎಫಿ ಎಲ್ಲಿಂದಲೋ ಹುಡುಕಿ ಕೊಟ್ಟ ಒಂದು ಓಟ್ಸ್ ಬಿಸ್ಕತ್ತು ತಿಂದಿದ್ದಳು. ಲಾರ್ನಾ ಅವಳನ್ನು ಉತ್ತರದ ಬಾಗಿಲಿನಿಂದಲೇ ಒಳಗೆ ಸೇರಿಸಲು ಬಹಳ ಪ್ರಯತ್ನಪಟ್ಟಳು. ಆದರೆ ಜನರೆಲ್ಲ ದಕ್ಷಿಣಕ್ಕೆ ಬೆರಳು ಮಾಡಿ ನಗುತ್ತಿರುವಾಗ ಯಾವ ಅಧಿಕಾರಿ ತಾನೆ ಉತ್ತರಕ್ಕೆ ಹೋದಾಳು?

ಮಿಸ್ ಅರ್ಕರ್ಟ್ ದಕ್ಷಿಣದ ಗೋಡೆಯ ಕೆಳಗೆ ನಿಂತು ಕತ್ತೆತ್ತಿದಳು. ಗಂಟೆ ಎರಡು. ಗಡಿಯಾರ ಹತ್ತು ತೋರಿಸುತ್ತಿತ್ತು.

"ಇದನ್ನ ಮಾಡಿದವರು ಯಾರು?"

ಎಕ್ ಎರಡು ಹೆಜ್ಜೆ ಹಿಂದೆ ಸರಿದು ಮಾಂಸದಂಗಡಿಯವನ ಮರೆಗೆ ನಿಂತ. ಎರಡು ಜೊತೆ ಕಣ್ಣಿನಲ್ಲಿ ಒಂದು ಜೊತೆ ಕಾಣೆಯಾಯಿತು.

"ನಾನು, ಮೇಡಂ," ಎಂದ ಮುಂಗೊ. "ತಪ್ಪಾಯ್ತು. ಆದ್ರೆ ತೂತು ಮೊದಲೇ ಇತ್ತು. ಸರಳೂ ಇತ್ತು. ನಾನು ಗೋಡೆಗೆ ಒಂದು ಗೀರೂ ಹಾಕಿಲ್ಲ."

"ಅದಿರಲಿ. ಆ ಹಸಿರು ಯಾವುದರದ್ದು?"

"ನಮ್ಮ ಕಾರ್ಖಾನೆಯ ಲಿನೋಲಿಯಂ. ಕೊನೇ ದಿನದ ಕೊನೇ ಸುರುಳಿ. ಒತ್ತಿದ ಯಂತ್ರ ನನ್ನದೇ."

ಮಿಸ್ ಅರ್ಕರ್ಟ್ ಚೀಲದಿಂದ ದುರ್ಬೀನು ತೆಗೆದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆಳಿಗ್ಗೆಯಿಂದ ಹೊರಗೆ ಬಾರದಿದ್ದ ಪುಸ್ತಕ ಹೊರಬಂತು.

"ಮುಳ್ಳುಹೂವಿನ ಬಳ್ಳಿ," ಎಂದಳು ಮೆಲ್ಲಗೆ. "ಮೂವತ್ತು ವರ್ಷದಿಂದ ಈ ನಮೂನೆಯ ಒಂದು ತುಂಡಿಗೆ ಹುಡುಕ್ತಿದ್ದೀನಿ. ಎಲ್ಲರೂ ತುಳಿದು ಸವೆಸಿ ಎಸೆದುಬಿಟ್ಟಿದ್ದಾರೆ. ನೀವೊಬ್ಬರು ತಲೆ ಮೇಲೆ ಇಟ್ಟಿದ್ದೀರಿ."

ಲಾರ್ನಾಗೆ ಕನ್ನಡಕ ತೆಗೆಯಬೇಕೋ ಹಾಕಿಕೊಳ್ಳಬೇಕೋ ತಿಳಿಯಲಿಲ್ಲ. "ಆದ್ರೆ ಮಿಸ್ ಅರ್ಕರ್ಟ್, ಅದು ಹಿಂದಕ್ಕೆ ಓಡ್ತಿದೆ!"

"ಓಡ್ಲಿ ಬಿಡಿ. ನಮ್ಮ ಇಲಾಖೆಯ ಕೆಲಸವೇ ಹಿಂದಕ್ಕೆ ಹೋಗೋದು." ಅವಳು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಸಹಿ ಮಾಡಿ, ಹರಿದು ಲಾರ್ನಾಳ ಕೈಗಿತ್ತಳು. "ಈ ಕ್ಷಣದಿಂದ ಇದು ರಕ್ಷಿತ ವಸ್ತು. ಬಿಚ್ಚೋ ಹಾಗಿಲ್ಲ, ಸರಿಸೋ ಹಾಗಿಲ್ಲ, ರಿಪೇರಿನೂ ಮಾಡೋ ಹಾಗಿಲ್ಲ. ಮಂಡಳಿ ತೀರ್ಮಾನ ಮಾಡೋ ತನಕ ಹೇಗಿದೆಯೋ ಹಾಗೇ ಇರಬೇಕು."

"ತೀರ್ಮಾನ ಯಾವಾಗ ಆಗತ್ತೆ?"

"ನಿಮ್ಮ ಕುದುರೆ ತೊಟ್ಟಿಯ ಕಡತ ಹೋಗಿ ಹನ್ನೊಂದು ವರ್ಷ ಆಯ್ತು. ಅದರ ಹಿಂದೆ ಇದು."

ಆಚೆದಡದವರ ಕೇಕೆಗೆ ಗೋಪುರದ ಕಾಗೆಗಳೆಲ್ಲ ಹಾರಿದವು. ಮುಂಗೊನನ್ನು ಹೊತ್ತು ಚೌಕಕ್ಕೆ ಒಂದು ಸುತ್ತು ಹಾಕಿಸಿದರು. ಅವನು ಹುಟ್ಟಿದಂದಿನಿಂದ ಆಚೆದಡದವರು ಈಚೆದಡದವನೊಬ್ಬನನ್ನು ಹೊತ್ತದ್ದು ಅದೇ ಮೊದಲು, ಶವಪೆಟ್ಟಿಗೆ ಬಿಟ್ಟರೆ. ಮಿಸ್ ಅರ್ಕರ್ಟ್ ತನ್ನ ಫೋನ್ ನಂಬರಿನ ಚೀಟಿ ಅವನ ಜೇಬಿಗೆ ತುರುಕಿ ರೈಲಿಗೆ ಹೋದಳು. ಮುಂಗೊ ಮೂರನೆಯ ಸಲ ಮೇಲೆ ಹತ್ತಿ, ಉಳಿದ ಮೂರು ಮುಖದ ಕೀಲು ಬಿಗಿದು, ಐದೂವರೆಯ ಹೊತ್ತಿಗೆ ಮನೆ ಸೇರಿದ.

ಕುರ್ಚಿ ಅವನಿಗಾಗಿ ಕಾದಿತ್ತು. ಕಾಲು ಚಾಚಿದ. ಪೈಪಿಗೆ ತಂಬಾಕು ತುಂಬಿದ. ಒಳಗೆ ಎಫಿ ಏನೋ ಗುನುಗುತ್ತ ಮೊಟ್ಟೆ ಹುರಿಯುತ್ತಿದ್ದಳು. ಮೇಲಿನ ಖಾಲಿ ಕೋಣೆಯ ಕಿಟಕಿ ತೆರೆದಿರುವುದನ್ನೂ, ಅಲ್ಲಿಯ ಹಾಸಿಗೆಗೆ ಹೊಸ ಹೊದಿಕೆ ಬಿದ್ದಿರುವುದನ್ನೂ ಮುಂಗೊ ನೋಡಿರಲಿಲ್ಲ. ನೋಡುವ ಸ್ಥಿತಿಯಲ್ಲೂ ಇರಲಿಲ್ಲ. ನಾಳೆ ಅತ್ತೆ ಗಂಟೆ ಕೇಳುವ ಹಾಗಿಲ್ಲವಲ್ಲ ಎಂಬ ಒಂದೇ ಯೋಚನೆಯನ್ನು ಅವನು ಮಿಠಾಯಿಯಂತೆ ನಾಲಿಗೆಯ ಮೇಲೆ ಹೊರಳಿಸುತ್ತಿದ್ದ.

ಗೋಪುರ ಆರು ಹೊಡೆಯಿತು. ಆ ಗಳಿಗೆಯಲ್ಲಿ ಅದರ ನಾಲ್ಕೂ ಮುಖ ಒಂದೇ ಹೊತ್ತು ತೋರಿಸುತ್ತಿದ್ದವು. ಬಾಗಿಲು ಬಡಿಯಿತು.

ಬಾಗಿಲಲ್ಲಿ ಗ್ರಿಜೆಲ್ ನಿಂತಿದ್ದಳು. ತಲೆಗೆ ಹ್ಯಾಟು, ಕಂಕುಳಲ್ಲಿ ಅಗ್ಗಿಷ್ಟಿಕೆಯ ಮೇಲಿನ ಗಡಿಯಾರ. ಹಿಂದೆ ಆಚೆದಡದ ಇಬ್ಬರು ಗಟ್ಟಿ ಆಳುಗಳು, ಒಬ್ಬನ ತಲೆಯ ಮೇಲೆ ಆಳೆತ್ತರದ ಕುರ್ಚಿ, ಇನ್ನೊಬ್ಬನ ಬೆನ್ನ ಮೇಲೆ ಟ್ರಂಕು. ಟ್ರಂಕಿನ ಮೇಲೆ ಮಡಿಚಿಟ್ಟ ಪರದೆಗಳು.

"ದಾರಿ ಬಿಡು ಅಳಿಯಪ್ಪಾ, ಹುಡುಗರಿಗೆ ಭಾರ ಆಗ್ತಿದೆ."

"ಅತ್ತೆ... ಇದೇನು?"

"ಇದೇನು ಅಂದ್ರೆ? ಮದುವೆ ದಿನ ನೀನೊಂದು ಮಾತು ಕೊಟ್ಟೆ, ನಾನೊಂದು ಮಾತು ಕೊಟ್ಟೆ. ಆ ಗೋಡೆ ಮೇಲೆ ಗಡಿಯಾರ ಕಂಡ ದಿನ ಮನೆಗೆ ಬೀಗ ಹಾಕಿ ನಿಮ್ಮನೆಗೆ ಬಂದು ಇದ್ದುಬಿಡ್ತೀನಿ, ಅಲ್ಲೀತನಕ ಆಚೆದಡ ಬಿಡಲ್ಲ ಅಂದೆ. ನೀನು ನಕ್ಕು ತಲೆಯಾಡಿಸಲಿಲ್ವಾ?"

ಮುಂಗೊನ ಎಡಗಿವಿಯಲ್ಲಿ ನಲವತ್ತೆರಡು ವರ್ಷದ ಹಿಂದಿನ ಬ್ಯಾಗ್‌ಪೈಪು ಗುಂಯ್ ಎಂದಿತು. ಅವನು ಎಫಿಯತ್ತ ತಿರುಗಿದ. ಅವಳು ಹುರಿಯುವ ಬಾಣಲೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಾಣಲೆಯಲ್ಲಿ ಮೂರು ಮೊಟ್ಟೆ.

"ನಿನಗೆ ಗೊತ್ತಿತ್ತಾ?"

"ಪಕ್ಕದಲ್ಲೇ ನಿಂತಿದ್ದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಗಡಿಯಾರ ಹಾಕ್ತಿದ್ದೆಯಾ?" ಎಂದಳು ಎಫಿ. ಕಣ್ಣಂಚು ಒದ್ದೆಯಾಗಿತ್ತು, ತುಟಿಯಂಚಿನಲ್ಲಿ ನಗುವಿತ್ತು.

ಮುಂಗೊ ಕೊನೆಯ ಹುಲ್ಲುಕಡ್ಡಿ ಹಿಡಿದ. "ಆದ್ರೆ ಅತ್ತೆ, ಅದು ತಪ್ಪು ಗಡಿಯಾರ! ಹಿಂದಕ್ಕೆ ಓಡತ್ತೆ. ಅದು ಲೆಕ್ಕಕ್ಕಿಲ್ಲ!"

"ನನಗೆ ಅದೆಲ್ಲ ಗೊತ್ತಿಲ್ಲಪ್ಪ. ಮಂಜು ಹೋಗಿದ್ದೇ ನಾನು ನೋಡಲಿಲ್ಲ, ಹಲ್ಲಿನ ಸೆಟ್ಟು ಹುಡುಕ್ತಿದ್ದೆ. ಸಿಕ್ಕಿದ ಮೇಲೆ ನೋಡಿದೆ. ರೇಡಿಯೋ ಹನ್ನೆರಡು ಅಂತು, ನಿನ್ನ ಗಡಿಯಾರ ಹನ್ನೆರಡು ಅಂತು. ಟ್ರಂಕು ಕೆಳಗಿಳಿಸಿದೆ."

ಮುಂಗೊ ಜೇಬಿನ ಚೀಟಿ ತೆಗೆದುಕೊಂಡು ಫೋನಿನತ್ತ ಓಡಿದ. ಮಿಸ್ ಅರ್ಕರ್ಟ್ ರೈಲಿನಲ್ಲಿದ್ದಳು.

"ಮೇಡಂ, ಆ ಗಡಿಯಾರ... ಅದನ್ನ ಈಗಲೇ ಇಳಿಸಿಬಿಡ್ತೀನಿ ಮೇಡಂ. ದಯವಿಟ್ಟು. ಅದಕ್ಕೆ ಅಂಥ ಯೋಗ್ಯತೆ ಏನಿಲ್ಲ."

"ಗಿಲ್‌ಕ್ರಿಸ್ಟ್ ಅವರೇ," ಎಂದಳು ಆಕೆ ಮೆಚ್ಚಿಕೆಯಿಂದ, "ನಿಮ್ಮಂಥ ವಿನಯವಂತರನ್ನ ನಾನು ನೋಡಿಲ್ಲ. ಮುಟ್ಟಿದ್ರೆ ಮಾತ್ರ ಕೋರ್ಟಿಗೆ ಹೋಗಬೇಕಾಗತ್ತೆ." ರೈಲು ಸುರಂಗ ಹೊಕ್ಕಿತು.

ಅವನು ನಡುಮನೆಗೆ ಹಿಂದಿರುಗುವ ಹೊತ್ತಿಗೆ ಆಳುಗಳು ಕೆಲಸ ಮುಗಿಸಿದ್ದರು. ಗ್ರಿಜೆಲ್‌ಳ ಕುರ್ಚಿ ಮನೆಯಲ್ಲಿ ಒಂದೇ ಒಂದು ಕಡೆ ಹಿಡಿಸಿತ್ತು. ಅಲ್ಲಿದ್ದ ಹಳೇ ಕುರ್ಚಿಯನ್ನು ಶೆಡ್ಡಿಗೆ ಸಾಗಿಸಿದ್ದರು. ಅಲ್ಲಿ ಜಾಗವೂ ಇತ್ತು, ಪಾರಿವಾಳದ ಗೂಡು ಖಾಲಿ ಮಾಡಿದ ಜಾಗ.

ಗ್ರಿಜೆಲ್ ಹ್ಯಾಟು ತೆಗೆದಿಟ್ಟು, ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ಅಲ್ಲಿಂದ ಗೋಪುರದ ಉತ್ತರದ ಮುಖ ಕಾಣುತ್ತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಮುಂಗೊನ ಬಾಯಲ್ಲಿದ್ದ ಪೈಪಿನ ಕಡೆ ಒಮ್ಮೆ ನೋಡಿದಳು. ಪೈಪು ಜೇಬಿಗೆ ಹೋಯಿತು.

"ಅಳಿಯಪ್ಪಾ, ಗಂಟೆ ಎಷ್ಟಾಯ್ತು?"

"ಆರೂಕಾಲು, ಅತ್ತೆ," ಎಂದ ಮುಂಗೊ, ಊಟದ ಮೇಜಿನ ಮರದ ಸ್ಟೂಲು ಎಳೆದುಕೊಂಡು ಕೂರುತ್ತ.

ಮುಂಗೊ ಕೊಟ್ಟ ಮಾತು ಉಳಿಸಿಕೊಂಡಿದ್ದ. ಗ್ರಿಜೆಲ್ ಕೂಡ ಉಳಿಸಿಕೊಂಡಳು.